ಪಟ್ಟಿಯ ಕೊನೆಗೆ ತಳ್ಳಿದರೆ ಸೋಂಕು ನಿಂತೀತೆ?

ನಮ್ಮ ಅನೇಕ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಲ್ಲಿ ಒಂದು ರೂಢಿ ಬೇರೂರಿದೆ. ಕಲ್ಚರ್ ವರದಿಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಕಂಡುಬಂದ ರೋಗಿಯ ಹೆಸರು ಆ ದಿನದ ಪಟ್ಟಿಯ ಕಟ್ಟಕಡೆಗೆ ಇಳಿಯುತ್ತದೆ, ಇಲ್ಲವೆ ರೋಗಿಯನ್ನು ‘ಸೆಪ್ಟಿಕ್ ಓಟಿ’ಗೆ ಕಳಿಸುತ್ತಾರೆ. ಆಪರೇಷನ್ ಮುಗಿದ ಮೇಲೆ ಕೊಠಡಿಗೆ ಫಾರ್ಮಲಿನ್ ಹೊಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಮುಂದಿನ ರೋಗಿಗೆ ಸೋಂಕು ತಗಲಬಾರದೆಂಬ ಕಾಳಜಿಯಿಂದಲೇ ಇದೆಲ್ಲ ನಡೆಯುತ್ತದೆ, ಅನುಮಾನವಿಲ್ಲ. ಆದರೆ ಈ ಕ್ಷೇತ್ರದಲ್ಲಿ ನೂರೈವತ್ತು ವರ್ಷಗಳಿಂದ ಕೂಡಿಬಂದ ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ನಾವು ಕಾವಲು ಹಾಕಿರುವ ಬಾಗಿಲೇ ಬೇರೆ, ಸೋಂಕು ಓಡಾಡುವ ಬಾಗಿಲೇ ಬೇರೆ ಎನ್ನದೆ ವಿಧಿಯಿಲ್ಲ.

ಗಾಯ ಕೊಳೆಯುವುದಕ್ಕೆ ಗಾಳಿಯಲ್ಲಿನ ಸೂಕ್ಷ್ಮಜೀವಿಗಳೇ ಮುಖ್ಯ ಕಾರಣವೆಂದು ನಂಬಿದವರಲ್ಲಿ ಜೋಸೆಫ್ ಲಿಸ್ಟರ್ ಮೊದಲಿಗರು. 1867ರಲ್ಲಿ ಕಾರ್ಬಾಲಿಕ್ ಆಮ್ಲದ ವಿಧಾನವನ್ನು ಪ್ರಕಟಿಸಿದ ಅವರು ಮುಂದೆ ಆಪರೇಷನ್ ನಡೆಯುವಾಗ ಅದನ್ನೇ ಗಾಳಿಗೆ ಸಿಂಪಡಿಸತೊಡಗಿದರು. ಕೈ, ಉಪಕರಣ, ಬಟ್ಟೆಗಳಿಗೆ ಹೋಲಿಸಿದರೆ ಗಾಳಿಯ ಪಾಲು ಅಲ್ಪವೆಂದು ಮನಗಂಡು 1890ರ ಹೊತ್ತಿಗೆ ಸಿಂಪಡಣೆಯನ್ನು ತಾವೇ ಕೈಬಿಟ್ಟರು. ಹಬೆಯಲ್ಲಿ ಉಪಕರಣ ಶುದ್ಧಿ, ರಬ್ಬರ್ ಗ್ಲೌಸ್, ನಿಲುವಂಗಿಗಳೆಲ್ಲ ಬಂದದ್ದು ಆ ಕಾಲದಲ್ಲೇ. ಪೆನಿಸಿಲಿನ್ ಬಂದ ಮೇಲೆ ಈ ಶಿಸ್ತು ಸ್ವಲ್ಪ ಸಡಿಲವಾಯಿತು. ಆ ಸಡಿಲಿಕೆಯ ಫಲ ಸಿಗಲು ಬಹಳ ಕಾಲ ಬೇಕಾಗಲಿಲ್ಲ. 1950ರ ದಶಕದಲ್ಲಿ ಪೆನಿಸಿಲಿನ್‌ಗೆ ಜಗ್ಗದ ಸ್ಟೆಫಿಲೊಕಾಕಸ್ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿತು. ಅದಕ್ಕೆ ಉತ್ತರವಾಗಿ 1959ರಲ್ಲಿ ಮೆಥಿಸಿಲಿನ್ ಬಂತು; ಎರಡೇ ವರ್ಷದಲ್ಲಿ, 1961ರಲ್ಲಿ, ಅದಕ್ಕೂ ಬಗ್ಗದ ತಳಿ, ಅಂದರೆ ಎಂಆರ್‌ಎಸ್‌ಎ, ಬ್ರಿಟನ್ನಿನಲ್ಲಿ ಪತ್ತೆಯಾಯಿತು. ರೋಗಿಯನ್ನು ಬೇರೆಯಿಡು, ಪಟ್ಟಿಯ ಕೊನೆಗೆ ಹಾಕು ಎಂಬ ನಿಯಮಗಳು ಗಟ್ಟಿಯಾದದ್ದು ಈ ಭೀತಿಯ ವರ್ಷಗಳಲ್ಲಿ.

ಗಾಳಿಯ ವಾದಕ್ಕೆ ಮತ್ತೆ ಬಲ ಬಂದದ್ದು ಮೂಳೆ ಶಸ್ತ್ರಚಿಕಿತ್ಸೆಯಿಂದ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಿಸುವಾಗ ಶೋಧಿಸಿದ ಗಾಳಿಯ ವಿಶೇಷ ಅಂಕಣ ಕಟ್ಟಿಸಿದರು, ಅವರ ರೋಗಿಗಳಲ್ಲಿ ಸೋಂಕು ಗಣನೀಯವಾಗಿ ಇಳಿಯಿತು. 8,000ಕ್ಕೂ ಹೆಚ್ಚು ಕೀಲು ಜೋಡಣೆಗಳನ್ನು ಒಳಗೊಂಡು 1982ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಅತಿಶುದ್ಧ ಗಾಳಿಯ ಕೊಠಡಿಗಳಲ್ಲಿ ಆಳದ ಸೋಂಕು ಅರ್ಧಕ್ಕಿಂತ ಕಡಿಮೆ ಇತ್ತು. ಜಗತ್ತಿನಾದ್ಯಂತ ಲ್ಯಾಮಿನಾರ್ ಫ್ಲೋ ಥಿಯೇಟರುಗಳು ಎದ್ದವು. ಆದರೆ ಆಪರೇಷನ್‌ಗೆ ಮುಂಚಿನ ಆಂಟಿಬಯಾಟಿಕ್ ಎಲ್ಲೆಡೆ ವಾಡಿಕೆಯಾದ ಮೇಲೆ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಆ ಲಾಭ ಕಾಣಲಿಲ್ಲ. 2016ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೀಲು ಜೋಡಣೆಗೆ ಇಂಥ ಗಾಳಿ ವ್ಯವಸ್ಥೆ ಬೇಕಿಲ್ಲವೆಂದೇ ಸೂಚಿಸಿತು. ಒಳ್ಳೆಯ ಗಾಳಿ ಸಂಚಾರ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೋಟ್ಯಂತರ ರೂಪಾಯಿಯನ್ನು ಮೊದಲು ಅದಕ್ಕೇ ಸುರಿಯಬೇಕೆ ಎಂಬುದಷ್ಟೇ ಪ್ರಶ್ನೆ.

ಔಷಧದ ಹೊತ್ತಿನ ಬಗೆಗಿನ ಅರಿವು ಬೆಳೆದದ್ದು ಬೇರೊಂದು ದಾರಿಯಲ್ಲಿ. ಬ್ಯಾಕ್ಟೀರಿಯ ಒಳಸೇರಿದ ಮೇಲೆ ಮೂರ್ನಾಲ್ಕು ಗಂಟೆ ತಡವಾದರೆ ಆಂಟಿಬಯಾಟಿಕ್ ಕೊಟ್ಟೂ ಪ್ರಯೋಜನವಿಲ್ಲವೆಂದು ಜಾನ್ ಬರ್ಕ್ 1961ರಲ್ಲೇ ಗಿನಿಯಿಲಿಗಳಲ್ಲಿ ತೋರಿಸಿದ್ದರು. 1992ರಲ್ಲಿ ಅಮೆರಿಕದ 2,847 ರೋಗಿಗಳ ಅಧ್ಯಯನ ಅದನ್ನು ಮನುಷ್ಯರಲ್ಲಿ ದೃಢಪಡಿಸಿತು: ಕತ್ತರಿಸುವ ಮುಂಚಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಸೋಂಕು ಎಲ್ಲರಿಗಿಂತ ಕಡಿಮೆ. ಔಷಧ ನಿರೋಧಕ ಸೋಂಕಿನ ರೋಗಿಯಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಎಂಆರ್‌ಎಸ್‌ಎ ಇರುವವರಿಗೆ ವಾಡಿಕೆಯ ಸೆಫಝೋಲಿನ್ ಒಂದೇ ಸಾಲದು, ವ್ಯಾಂಕೊಮೈಸಿನ್ ಬೇಕು. ಅದನ್ನು ನಿಧಾನವಾಗಿ ಹರಿಸಬೇಕಾದ್ದರಿಂದ ಥಿಯೇಟರಿಗೆ ತಂದ ಮೇಲೆ ಶುರುಮಾಡಿದರೆ ಕತ್ತರಿ ಬೀಳುವ ಹೊತ್ತಿಗೆ ಔಷಧ ಅಂಗಾಂಶ ಸೇರಿರುವುದಿಲ್ಲ. ವಾರ್ಡಿನಲ್ಲೇ ಹಚ್ಚಬೇಕು. ಸರಿಯಾದ ಔಷಧ ಆರಿಸುವುದು ಎಷ್ಟು ಮುಖ್ಯವೆಂಬುದಕ್ಕೆ 2018ರಲ್ಲಿ ಪ್ರಕಟವಾದ ಗ್ಲೋಬಲ್‌ಸರ್ಜ್ ಅಧ್ಯಯನ ಸಾಕ್ಷಿ. 66 ದೇಶಗಳಲ್ಲಿ ಹೊಟ್ಟೆ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 12,539 ರೋಗಿಗಳನ್ನು ಅದು ಗಮನಿಸಿತು. ಗಾಯದ ಸೋಂಕಾಗಿ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯ ಸಿಕ್ಕವರ ಪೈಕಿ ಶೇ. 21.6 ಮಂದಿಯಲ್ಲಿ, ಮುನ್ನೆಚ್ಚರಿಕೆಗೆಂದು ಕೊಟ್ಟಿದ್ದ ಔಷಧಕ್ಕೇ ಅದು ಬಗ್ಗುತ್ತಿರಲಿಲ್ಲ. ಮಾನವಾಭಿವೃದ್ಧಿ ಸೂಚ್ಯಂಕ ಕಡಿಮೆಯಿರುವ ದೇಶಗಳಲ್ಲಿ ಈ ಪ್ರಮಾಣ ಮೂರರಲ್ಲೊಂದು ಪಾಲನ್ನೂ ಮೀರಿತ್ತು.

ಇನ್ನು ಕೈಗಳ ವಿಷಯ. ಅರಿವಳಿಕೆ ತಜ್ಞರು ರೋಗಿಯ ಗಂಟಲಿಗೆ ನಳಿಕೆ ಇಳಿಸುವ ಆ ಒಂದೆರಡು ನಿಮಿಷಗಳನ್ನು ಗಮನಿಸಿ. ಬಾಯೊಳಗೆ ಹೋಗಿಬಂದ ಗ್ಲೌಸ್‌ನಲ್ಲೇ ಆಮ್ಲಜನಕದ ಗುಬ್ಬಿ ತಿರುಗಿಸುತ್ತಾರೆ, ಔಷಧ ಟ್ರಾಲಿಯ ಡ್ರಾಯರ್ ಎಳೆಯುತ್ತಾರೆ, ಡ್ರಿಪ್‌ನ ಮೂರ್ದಾರಿ ಬಿರಡೆಗೆ ಸಿರಿಂಜ್ ಸಿಕ್ಕಿಸುತ್ತಾರೆ. ಆತುರದ ಕ್ಷಣ ಅದು, ಯಾರನ್ನೂ ದೂರುವಂತಿಲ್ಲ. ಆದರೆ ಅಮೆರಿಕದ ಡಾರ್ಟ್‌ಮತ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಂದು ಆಪರೇಷನ್‌ನಲ್ಲಿ ಈ ಬಿರಡೆಗೆ ಬ್ಯಾಕ್ಟೀರಿಯ ದಾಟಿತ್ತು. ನೆಲವನ್ನು ಉಜ್ಜಿ ತೊಳೆಯುವ ಸಿಬ್ಬಂದಿ ಆ ಗುಬ್ಬಿ, ಕೀಬೋರ್ಡ್, ಡ್ರಾಯರ್ ಹಿಡಿಗಳನ್ನು ಮುಟ್ಟದೆ ಬಿಡುವುದು ಸಾಮಾನ್ಯ. ಯಂತ್ರ ಕೆಟ್ಟೀತೆಂಬ ಅಂಜಿಕೆ ಅವರಿಗೆ. ರೋಗಿ ಒಳಬರುವ ಮೊದಲೇ ಬೇಡದ ಟ್ರಾಲಿಗಳನ್ನು ಹೊರಗಿಟ್ಟು, ಬೇಕಾದ ಔಷಧವನ್ನಷ್ಟೇ ತಟ್ಟೆಯಲ್ಲಿ ತೆಗೆದಿಟ್ಟು, ಉಳಿದದ್ದನ್ನು ತಂದುಕೊಡಲು ಒಬ್ಬರನ್ನು ಬಾಗಿಲಾಚೆ ನಿಲ್ಲಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ರೋಗಿಯನ್ನು ಪಟ್ಟಿಯ ಕೊನೆಗೆ ತಳ್ಳಬೇಕಿಲ್ಲವೆಂಬ ಈ ವಾದಕ್ಕೊಂದು ಗಂಭೀರ ಆಕ್ಷೇಪವಿದೆ. ಒಂದು ಕೇಸು ಮುಗಿಯುವ ಮೊದಲೇ ಇನ್ನೊಂದು ಸ್ಟ್ರೆಚರ್ ಬಾಗಿಲಲ್ಲಿ ನಿಲ್ಲುವ ಜಿಲ್ಲಾಸ್ಪತ್ರೆಯಲ್ಲಿ ನಡುವಿನ ಶುಚಿಕಾರ್ಯವನ್ನು ನಂಬುವುದು ಹೇಗೆ? ಕೊನೆಗೆ ಹಾಕಿದರೆ ರಾತ್ರಿಯಿಡೀ ಸಮಯ ಸಿಗುತ್ತದಲ್ಲ? ಮೇಲ್ನೋಟಕ್ಕೆ ಸರಿ. ಆದರೆ ವರದಿಯಿರುವ ರೋಗಿಯನ್ನು ಮಾತ್ರ ನಾವು ಕೊನೆಗೆ ಹಾಕಬಲ್ಲೆವು. 2008ರಲ್ಲಿ ಸ್ವೀಡನ್ನಿನ ರೋಗಿಯೊಬ್ಬರಲ್ಲಿ ಮೊದಲು ಗುರುತಿಸಿದ, ಕಾರ್ಬಪೆನೆಮ್ ಔಷಧಗಳನ್ನು ಒಡೆಯುವ ಎನ್‌ಡಿಎಂ ಕಿಣ್ವವಿರುವ ಬ್ಯಾಕ್ಟೀರಿಯ ಇಂದು ಭಾರತದ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಅದು ಯಾವ ಲಕ್ಷಣವನ್ನೂ ತೋರದೆ ಕರುಳಿನಲ್ಲಿ ಕೂತಿರಬಹುದು. ಹರ್ನಿಯಾ ಆಪರೇಷನ್‌ಗೆಂದು ಬೆಳಗ್ಗೆ ಮೊದಲು ಬಂದವರಲ್ಲೇ ಅದಿದ್ದರೆ? ನಡುವಿನ ಶುಚಿ ನಂಬಲಾರದಂಥದ್ದಾದರೆ ಆ ದಿನದ ಪ್ರತಿಯೊಬ್ಬ ರೋಗಿಯೂ ಅಪಾಯದಲ್ಲಿದ್ದಾರೆ. ಇತ್ತ ಕೊನೆಗೆ ಹೋದ ರೋಗಿ ತೆರುವ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕಾಲಿನಲ್ಲಿ ಕೀವು ತುಂಬಿದ ಸಕ್ಕರೆ ಕಾಯಿಲೆಯವರು ಸಂಜೆಯವರೆಗೆ ಉಪವಾಸವಿದ್ದು, ಹೊತ್ತಾಯಿತೆಂದು ವಾರ್ಡಿಗೆ ಮರಳಬೇಕಾಗುತ್ತದೆ. ಅಂಥವರಿಗೆ ಕೀವು ಹೊರಹಾಕುವುದೇ ಮೊದಲ ಚಿಕಿತ್ಸೆ. ಔಷಧ ನಾಟದ ಸೋಂಕಿನಲ್ಲಂತೂ ಕೆಲವೊಮ್ಮೆ ಉಳಿದಿರುವ ಚಿಕಿತ್ಸೆಯೇ ಅದು.

ಎಲ್ಲ ನಿರೋಧಕ ಸೋಂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದನ್ನೂ ಒಪ್ಪಬೇಕು. ಔಷಧ ನಿರೋಧಕ ಶ್ವಾಸಕೋಶದ ಕ್ಷಯ ಗಾಳಿಯಲ್ಲೇ ಹರಡುವುದರಿಂದ ಅಲ್ಲಿ ಹಳೆಯ ನಿಯಮಕ್ಕೆ ಅರ್ಥವಿದೆ. ಥಿಯೇಟರಿನ ಗಾಳಿಯ ಒತ್ತಡ ಹೊರಮುಖವಾಗಿರುವುದರಿಂದ ರೋಗಾಣು ಕಾರಿಡಾರಿಗೆ ಹೋಗುತ್ತದೆ. ಮುಂದೂಡಬಹುದಾದ ಆಪರೇಷನ್ ಮುಂದೂಡಬೇಕು; ಆಗದಿದ್ದರೆ ದಿನದ ಕೊನೆಗೆ, ಉಸಿರಾಟದ ಕೊಳವೆಗೆ ಫಿಲ್ಟರ್ ಹಾಕಿ, ಸಿಬ್ಬಂದಿ ಕವಾಟವಿಲ್ಲದ ಎನ್95 ಧರಿಸಿ ಮಾಡಬೇಕು. ಕ್ಯಾಂಡಿಡಾ ಆರಿಸ್ ಶಿಲೀಂಧ್ರಕ್ಕೂ ಬೇರೆಯದೇ ಎಚ್ಚರ ಬೇಕು, ಕೆಲವು ವಾಡಿಕೆಯ ಸೋಂಕುನಿವಾರಕಗಳಿಗೆ ಅದು ಸಾಯುವುದಿಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎನ್ನುವವರು 2022ರ ಚೀತಾ ಅಧ್ಯಯನವನ್ನು ನೋಡಬೇಕು. ಭಾರತವೂ ಸೇರಿ ಏಳು ದೇಶಗಳ 13,301 ರೋಗಿಗಳಲ್ಲಿ, ಹೊಟ್ಟೆ ಹೊಲಿಯುವ ಮುನ್ನ ಗ್ಲೌಸ್ ಮತ್ತು ಉಪಕರಣ ಬದಲಿಸಿದ್ದಷ್ಟಕ್ಕೇ ಗಾಯದ ಸೋಂಕು ಶೇ. 18.9ರಿಂದ 16ಕ್ಕೆ ಇಳಿಯಿತು. ಅತ್ತ ಫಾರ್ಮಲಿನ್‌ನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಒರೆಸದೆ ಉಳಿದ ಕೊಳೆಯನ್ನು ಯಾವ ಹೊಗೆಯೂ ತೆಗೆಯದು. ಆಸ್ಪತ್ರೆಗಳ ಸೋಂಕು ನಿಯಂತ್ರಣ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಓಟಿ ಪಟ್ಟಿಯಲ್ಲಿ ‘ಇನ್‌ಫೆಕ್ಟೆಡ್, ಕೊನೆಗೆ’ ಎಂದು ಬರೆಯುವ ಜಾಗದಲ್ಲಿ ಯಾವ ಬ್ಯಾಕ್ಟೀರಿಯ, ಅದಕ್ಕೆ ನಾಟುವ ಔಷಧ ಯಾವುದು, ಎಷ್ಟು ಹೊತ್ತಿಗೆ ಕೊಡಬೇಕು ಎಂಬ ಮೂರನ್ನು ಬರೆಸಿ, ಎರಡು ಕೇಸುಗಳ ನಡುವೆ ಒರೆಸುವ ಸಿಬ್ಬಂದಿಗೆ ಬೇಕಾದಷ್ಟು ಸಮಯವನ್ನು ಆ ಪಟ್ಟಿಯಲ್ಲೇ ಗುರುತು ಮಾಡಿ ಕೊಡಿ.