ಹೊಗೆಗೊಳವೆಯೊಳಗಿನ ಮಿಂಚು

ಗುಡುಗು ಸಿಡಿಲಿನ ಮಳೆ ಹೊಯ್ದು ನಿಂತ ಮೇಲೆ ಗಾಳಿಯಲ್ಲಿ ಒಂದು ಬಗೆಯ ತೀಕ್ಷ್ಣವಾದ ವಾಸನೆ ಸುಳಿಯುವುದನ್ನು ತಾವು ಗಮನಿಸಿರಬಹುದು. ಅದು ಓಜೋನಿನ ವಾಸನೆ. ಮಿಂಚು ಗಾಳಿಯ ಅಣುಗಳನ್ನು ಒಡೆದು ಮತ್ತೆ ಕಟ್ಟಿದುದರ ಕುರುಹು. ಇಂಥ ಮಿಂಚನ್ನೇ ಕೊಳವೆಯೊಳಗೆ ಕೂಡಿಹಾಕಿ, ಡೀಸೆಲ್ ಹೊಗೆಯನ್ನು ತೊಳೆಯಬಹುದೆಂದು ಕಳೆದ ಶತಮಾನದ ಕೊನೆಯಲ್ಲಿ ಅನೇಕ ವಿಜ್ಞಾನಿಗಳು ಆಶಿಸಿದರು. ಆ ಆಸೆ ಹುಟ್ಟಿದ ಬಗೆಯನ್ನೂ ಅದು ಅರ್ಧ ದಾರಿಯಲ್ಲಿ ನಿಂತ ಕಾರಣವನ್ನೂ ಈ ಹೊತ್ತು ಹೇಳಬಯಸುತ್ತೇನೆ. ಗೆದ್ದ ಯಂತ್ರಗಳ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಗೆಲ್ಲದವುಗಳಿಂದಲೂ ಕಲಿಯುವುದು ಬಹಳವಿದೆ ಎಂಬುದು ನನ್ನ ನಂಬಿಕೆ.

ಕಥೆಯ ಮೊದಲ ಎಳೆ ಜರ್ಮನಿಯದು. 1857ರಲ್ಲಿ ವೆರ್ನರ್ ಸೀಮೆನ್ಸ್ ಒಂದರೊಳಗೊಂದು ಗಾಜಿನ ಕೊಳವೆಯನ್ನಿರಿಸಿ, ನಡುವಣ ತೆರಪಿನಲ್ಲಿ ಗಾಳಿಯನ್ನು ಹಾಯಿಸಿ, ಒಳಗೂ ಹೊರಗೂ ವಿದ್ಯುತ್ತಿನ ಒತ್ತಡವನ್ನು ಕೊಟ್ಟನು. ಗಾಜು ಅಡ್ಡ ನಿಂತುದರಿಂದ ಸಿಡಿಲಿನಂತಹ ಒಂದೇ ದೊಡ್ಡ ಕಿಡಿ ಹಾರಲಿಲ್ಲ, ಅಸಂಖ್ಯ ಸಣ್ಣ ಕಿಡಿಗಳು ಮಿನುಗಿದವು, ಓಜೋನು ಹುಟ್ಟಿತು. 1906ರಲ್ಲಿ ಫ್ರಾನ್ಸಿನ ನೀಸ್ ನಗರ ಕುಡಿಯುವ ನೀರನ್ನು ಓಜೋನಿನಿಂದ ಶುದ್ಧಿಮಾಡತೊಡಗಿತು. ಹೀಗೆ ವಿದ್ಯುತ್ತಿನ ಹೊಡೆತಕ್ಕೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಅನಿಲಕ್ಕೆ ‘ಪ್ಲಾಸ್ಮಾ’ ಎಂದು ಹೆಸರಿಟ್ಟವನು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ. ಸೀಮೆನ್ಸನ ಕೊಳವೆಯ ಪ್ಲಾಸ್ಮಾಕ್ಕೆ ಒಂದು ವಿಶೇಷವುಂಟು. ಅದರ ಎಲೆಕ್ಟ್ರಾನುಗಳು ಮಾತ್ರ ಉಗ್ರವಾಗಿ ಕಾದಿರುತ್ತವೆ. ಅನಿಲವು ಹೆಚ್ಚು ಬಿಸಿಯಾಗುವುದಿಲ್ಲ. ಬೆಂಕಿಯಿಲ್ಲದೆ ಬೆಂಕಿಯ ಕೆಲಸ ಮಾಡಿಸುವ ಉಪಾಯವಿದು.

ಎರಡನೆಯ ಎಳೆಯೂ ಜರ್ಮನಿಯದೇ. 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲನ ಎಂಜಿನು ಪರೀಕ್ಷೆಯಲ್ಲಿ ಇಂಧನದ ಶಕ್ತಿಯಲ್ಲಿ ಶೇಕಡ 26ರಷ್ಟನ್ನು ದುಡಿಮೆಗೆ ತಿರುಗಿಸಿತು. ಸಾಮಾನ್ಯ ಉಗಿಯಂತ್ರಗಳು ಅದರ ಅರ್ಧವನ್ನೂ ಮುಟ್ಟದ ಕಾಲವದು. ಗಾಳಿಯನ್ನು ಬಲವಾಗಿ ಅದುಮಿ, ಆ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು, ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ಬಿಡುವುದು: ಇದು ಅದರ ಮಿತವ್ಯಯದ ಗುಟ್ಟು. ಆದರೆ ಆ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಎಣ್ಣೆ ಸರಿಯಾಗಿ ಬೆರೆಯದೆಡೆ ಮಸಿಯೂ ಹುಟ್ಟುತ್ತದೆ.

ಪೆಟ್ರೋಲ್ ಕಾರುಗಳಿಗೆ 1970ರ ದಶಕದ ಕೊನೆಯ ಹೊತ್ತಿಗೆ ಮದ್ದು ದೊರಕಿತು. ಪ್ಲಾಟಿನಮ್ಮಿನಂಥ ಲೋಹಗಳನ್ನು ಲೇಪಿಸಿದ ವೇಗವರ್ಧಕವು ಆ ವಿಷವನ್ನು ಮತ್ತೆ ನಿರಪಾಯಕಾರಿ ಸಾರಜನಕವಾಗಿ ಒಡೆಯಿತು. ಆದರೆ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಆ ಮದ್ದು ನಾಟದು. ಡೀಸೆಲ್ ಹೊಗೆಯಲ್ಲಾದರೋ ಅದು ಧಾರಾಳವಾಗಿ ಉಳಿದಿರುತ್ತದೆ. ಎಂಜಿನಿನ ಗುಣವೇ ಅದರ ಹೊಗೆಯ ಚಿಕಿತ್ಸೆಗೆ ಅಡ್ಡಿಯಾಯಿತು.

ಇಲ್ಲಿ ಎರಡು ಎಳೆಗಳೂ ಸೇರುತ್ತವೆ. 1980ರ ದಶಕದಲ್ಲಿ ಜಪಾನಿನ ಸೆನಿಚಿ ಮಸುದಾ ಕ್ಷಣಮಾತ್ರದ ವಿದ್ಯುತ್ ಮಿಡಿತಗಳಿಂದ ಕಾರ್ಖಾನೆಗಳ ಹೊಗೆಯನ್ನು ಶುದ್ಧಿಮಾಡುವ ಪ್ರಯೋಗಗಳನ್ನು ನಡೆಸಿದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪ್ರಯೋಗಶಾಲೆಯೇ ಮೊದಲಾದೆಡೆಗಳಲ್ಲಿ ಡೀಸೆಲ್ ಹೊಗೆಯ ಸರದಿ ಬಂದಿತು. ಆಗ ತಿಳಿದ ಸತ್ಯ ಕಹಿಯಾಗಿತ್ತು. ಆಮ್ಲಜನಕ ತುಂಬಿದ ಹೊಗೆಯಲ್ಲಿ ಪ್ಲಾಸ್ಮಾ ನೈಟ್ರಿಕ್ ಆಕ್ಸೈಡನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಇನ್ನೊಂದು ಆಮ್ಲಜನಕವನ್ನು ಅಂಟಿಸಿ, ಹೆಚ್ಚು ವಿಷಕಾರಿಯಾದ ನೈಟ್ರೋಜನ್ ಡೈಆಕ್ಸೈಡನ್ನಾಗಿ ಮಾಡುತ್ತಿತ್ತು. ಉಳಿದರ್ಧ ಕೆಲಸಕ್ಕೆ ವೇಗವರ್ಧಕವೊಂದು ಬೇಕೇಬೇಕಾಯಿತು. ಇಷ್ಟಕ್ಕೂ ಬೇಕಾದ ವಿದ್ಯುತ್ತನ್ನು ಕೊಡಬೇಕಾದುದು ಹೊಗೆಯುಗುಳುವ ಅದೇ ಎಂಜಿನು. ಎಂದರೆ ಇನ್ನಷ್ಟು ಎಣ್ಣೆ, ಇನ್ನಷ್ಟು ಹೊಗೆ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉನ್ನತ ವೋಲ್ಟೇಜ್ ವಿಭಾಗದಲ್ಲಿ ಬಿ. ಎಸ್. ರಜನೀಕಾಂತ್ ಮತ್ತು ಅವರ ಸಂಗಡಿಗರು ಪ್ಲಾಸ್ಮಾ ಹಾಯ್ದ ಡೀಸೆಲ್ ಹೊಗೆಯನ್ನು ಬಾಕ್ಸೈಟಿನಿಂದ ಅಲ್ಯುಮಿನ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನ ಮೂಲಕ ಹಾಯಿಸಿ ನೋಡಿದರು. ಒಂದು ಕಾರ್ಖಾನೆಯ ಕಸದಿಂದ ಇನ್ನೊಂದು ಯಂತ್ರದ ಕೊಳೆಯನ್ನು ಹಿಡಿಯುವ ಈ ಯೋಚನೆಯಲ್ಲಿ ನಮ್ಮ ಗೃಹಿಣಿಯರ ಜಾಣತನವನ್ನು ಕಂಡು ನಾನು ಸಂತೋಷಪಟ್ಟಿದ್ದೇನೆ.

ಪೈಪೋಟಿಯಲ್ಲಿ ಗೆದ್ದುದು ಮಾತ್ರ ರೈತನಿಗೆ ಪರಿಚಿತವಾದ ಯೂರಿಯ. ಅದರ ದ್ರಾವಣವನ್ನು ಬಿಸಿಹೊಗೆಗೆ ಸಿಂಪಡಿಸಿದರೆ ಅಮೋನಿಯ ಹುಟ್ಟಿ, ವೇಗವರ್ಧಕದ ಮೇಲೆ ಆ ವಿಷವನ್ನು ಸಾರಜನಕವಾಗಿಸುತ್ತದೆ. 2005ರ ಸುಮಾರಿಗೆ ಯೂರೋಪಿನ ಲಾರಿಗಳು ಇದನ್ನು ಸ್ವೀಕರಿಸಿದವು. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದು, ಇಲ್ಲಿನ ಹೊಸ ಲಾರಿಗಳಿಗೂ ಯೂರಿಯದ ತೊಟ್ಟಿ, ಮಸಿ ಸೋಸುವ ಜರಡಿಗಳು ಬಂದವು.

ಹಾಗಾದರೆ ಮಿಂಚಿನ ಕಥೆ ಮುಗಿಯಿತೆ? ಮುಗಿಯಿತೆನ್ನಲು ನನಗೆ ಮನಸ್ಸಿಲ್ಲ. ಹೊಗೆ ಸುಮಾರು 200 ಡಿಗ್ರಿಯಷ್ಟು ಬಿಸಿಯಾಗದ ಹೊರತು ಯೂರಿಯ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಹೆದ್ದಾರಿಯ ಲಾರಿಗೆ ಅದು ಕಷ್ಟವಲ್ಲ. ನಿಂತು ನಿಂತು ಸಾಗುವ ಪೇಟೆಯ ಬಸ್ಸಿಗೆ ಕಷ್ಟ. ಜನರು ಹೊಗೆಯ ತೀರ ಸಮೀಪದಲ್ಲಿ ನಿಂತು ಉಸಿರಾಡುವುದೂ ಅಲ್ಲಿಯೇ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2012ರಲ್ಲಿ ನಿಶ್ಚಿತವಾಗಿ ಸಾರಿದೆ. ತಣ್ಣನೆಯ ಹೊಗೆಯಲ್ಲೂ ಕೆಲಸ ಮಾಡಬಲ್ಲ ಸೀಮೆನ್ಸನ ಕಿಡಿಗಳು ಆ ಕಾರಣದಿಂದಲೇ ಪ್ರಯೋಗಶಾಲೆಗಳಲ್ಲಿ ಇನ್ನೂ ಮಿನುಗುತ್ತಿವೆ. ಬಸ್ ನಿಲ್ದಾಣದಲ್ಲಿ ಮಗುವಿನ ಮೂಗಿಗೆ ಸೆರಗು ಮುಚ್ಚಿ ನಿಂತ ತಾಯಿಗೆ ಯಾವ ಉಪಾಯ ಗೆದ್ದಿತೆಂಬುದು ಮುಖ್ಯವಲ್ಲ. ಆ ಸೆರಗನ್ನು ತೆಗೆಯುವ ದಿನ ಬರಬೇಕು, ಅಷ್ಟೆ.