ಕಡಿದಾದ ಕಲಿಕೆಯ ರೇಖೆ: ಒಂದು ನುಡಿಗಟ್ಟಿನ ಅರ್ಥಪಲ್ಲಟ

ಹೊಸ ವಿದ್ಯೆಯೊಂದನ್ನು ಕಲಿಯುವುದು ಬಲು ಪ್ರಯಾಸದ ಕೆಲಸವೆಂದು ಹೇಳಲು ಇಂಗ್ಲಿಷಿನಲ್ಲಿ ಬಳಸುವ, ಬೆಂಗಳೂರಿನ ಕಚೇರಿಗಳ ಮಾತಿನಲ್ಲೂ ಕೇಳಿಬರುವ ‘ಸ್ಟೀಪ್ ಲರ್ನಿಂಗ್ ಕರ್ವ್’ ಎಂಬ ನುಡಿಗಟ್ಟನ್ನು ಅದರ ಮೂಲವಾದ ನಕ್ಷೆಗಳ ಮುಂದಿಟ್ಟು ನೋಡಿದರೆ, ತದ್ವಿರುದ್ಧವಾದ ಅರ್ಥವೇ ಹೊರಡುತ್ತದೆ. ಕಲಿಕೆಯ ರೇಖೆಯೆಂದರೆ ಅಡ್ಡಗೆರೆಯ ಮೇಲೆ ಅಭ್ಯಾಸದ ಅವಧಿಯನ್ನೂ ಲಂಬಗೆರೆಯ ಮೇಲೆ ಗಳಿಸಿದ ನೈಪುಣ್ಯವನ್ನೂ ಗುರುತಿಸಿ ಎಳೆದ ಗೆರೆ. ಅದು ಕಡಿದಾಗಿ ಮೇಲೇರಿತೆಂದರೆ ಕಲಿಯುವವನು ಅಲ್ಪಕಾಲದಲ್ಲೇ ಬಹಳಷ್ಟನ್ನು ವಶಮಾಡಿಕೊಂಡನೆಂದು ತಿಳಿಯಬೇಕು.

ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ನೆನಪು ಮತ್ತು ಮರೆವುಗಳನ್ನು ಅಳೆಯಬಹುದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತೋರಿಸಿಕೊಟ್ಟಿದ್ದನು. ಆದರೆ ಕಲಿಕೆಯ ರೇಖೆಯ ಇತಿಹಾಸದಲ್ಲಿ ಅತ್ಯಂತ ಮನಮುಟ್ಟುವ ಅಧ್ಯಾಯ ಅಮೆರಿಕದ ತಂತಿ (ಟೆಲಿಗ್ರಾಫ್) ಕೆಲಸಗಾರರದು. ಇಂಡಿಯಾನಾದ ವಿಲಿಯಂ ಲೋ ಬ್ರಯಾನ್ ಮತ್ತು ನೋಬಲ್ ಹಾರ್ಟರ್ 1897ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂತಿ ವಿದ್ಯಾರ್ಥಿಯೊಬ್ಬ ನಿಮಿಷಕ್ಕೆ ಎಷ್ಟು ಅಕ್ಷರಗಳನ್ನು ಕಳಿಸಬಲ್ಲ, ಎಷ್ಟನ್ನು ಕೇಳಿ ಗ್ರಹಿಸಬಲ್ಲ ಎಂಬುದನ್ನು ವಾರವಾರವೂ ಅಳೆದು ಎರಡು ಗೆರೆಗಳನ್ನು ಎಳೆದರು. ಕಳಿಸುವ ಗೆರೆ ಮೊದಲಿಗೆ ಸರಸರನೆ ಏರಿತು. ಗ್ರಹಿಸುವ ಗೆರೆಯಾದರೋ ಹಿಂದೆ ಬಿದ್ದು, ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು, ಆಮೇಲೆ ಮತ್ತೆ ಮೇಲೆದ್ದಿತು. ಯಂತ್ರದ ಕಟ್-ಕಡ ಸದ್ದಿನಲ್ಲಿ ಒಂದೊಂದೇ ಅಕ್ಷರವನ್ನು ಹೆಕ್ಕುತ್ತಿದ್ದ ಕಿವಿ ಕ್ರಮೇಣ ಇಡೀ ಪದವನ್ನು, ಬಳಿಕ ಪದಗಳ ಗುಂಪನ್ನೇ ಒಂದು ನಾದವಾಗಿ ಹಿಡಿಯತೊಡಗುತ್ತದೆ. ನಿಂತಂತೆ ಕಂಡ ಆ ಅವಧಿಯಲ್ಲಿ ಕೆಳಹಂತದ ರೂಢಿಗಳು ಗಟ್ಟಿಗೊಳ್ಳುತ್ತಿರುತ್ತವೆ ಎಂಬುದು ಅವರ ವಿವರಣೆ. ಮುಂದಿನ ಸಂಶೋಧಕರು ಇದನ್ನು ಪ್ರಶ್ನಿಸಿದ್ದುಂಟು; ಆದರೂ ಕಲಿಯುವವನ ಒಳಗನ್ನು ಇಷ್ಟು ಹತ್ತಿರದಿಂದ ಕಂಡ ನಕ್ಷೆಗಳು ವಿರಳ.

ವಿಮಾನ ತಯಾರಿಕೆಯ ವೆಚ್ಚವನ್ನು ಕುರಿತು ಎಂಜಿನಿಯರ್ ಟಿ. ಪಿ. ರೈಟ್ 1936ರಲ್ಲಿ ಬರೆದಾಗ ಗೆರೆ ಕಾರ್ಖಾನೆಯನ್ನು ಹೊಕ್ಕಿತು: ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಒಂದೊಂದಕ್ಕೆ ತಗಲುವ ದುಡಿಮೆ ಸುಮಾರು ಶೇ. 20ರಷ್ಟು ಇಳಿಯುತ್ತದೆಂದು ಅವನು ಲೆಕ್ಕಹಾಕಿದನು. ಇಲ್ಲಿ ಗೆರೆ ಕೆಳಮುಖವಾದರೂ ಕಡಿದಾದಷ್ಟೂ ಕಲಿಕೆ ವೇಗವಾದುದೇ.

ನಕ್ಷೆಯನ್ನು ಕಾಣದ ಜನರ ಬಾಯಿಗೆ ಈ ನುಡಿಗಟ್ಟು ಬಂದಾಗ ‘ಕಡಿದು’ ಎಂಬುದು ಬೆಟ್ಟದ ಏರನ್ನೂ ಏದುಸಿರನ್ನೂ ನೆನಪಿಸಿದ್ದು ಸಹಜ. ರೂಢಿಗೆ ಬಂದ ಈ ಅರ್ಥವನ್ನು ದಿನದ ಮಾತಿನಲ್ಲಿ ತಪ್ಪೆಂದು ತಳ್ಳುವುದು ಸಲ್ಲದು. ಶಾಸ್ತ್ರೀಯ ಬರಹದಲ್ಲಿ ಮಾತ್ರ ಮೂಲಾರ್ಥವನ್ನೇ ಉಳಿಸಿಕೊಳ್ಳಬೇಕು, ಏಕೆಂದರೆ ನಕ್ಷೆಯಲ್ಲಿ ಕಲಿಯುವವನ ಪ್ರಯಾಸ ನಿಜವಾಗಿ ಕಾಣಸಿಗುವುದು ತಂತಿ ವಿದ್ಯಾರ್ಥಿಯ ವಾರಗಟ್ಟಲೆ ಮೇಲೇಳದ ಆ ಮಟ್ಟಸವಾದ ಗೆರೆಯಲ್ಲಿ.