ಗಾಡಿ ಎಡಕ್ಕೇ ಯಾಕೆ ಎಳೆಯುತ್ತದೆ?



ಗಣಪತಿಗೆ ಊರಿಗೆ ಹೊರಡುವ ಮುಂಚೆ ಕೋಪರಖೈರಣೆಯ ಯಾವ ಗ್ಯಾರೇಜಿಗೆ ಹೋಗಿ ನಿಂತರೂ ಒಂದು ದೂರು ಕಿವಿಗೆ ಬೀಳುತ್ತದೆ: "ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ಒಂದೇ ಕಡೆ ಎಳೀತದೆ." ಉತ್ತರವೂ ತಯಾರಾಗಿಯೇ ಇರುತ್ತದೆ: "ಅಲೈನ್‌ಮೆಂಟ್ ಮಾಡಿಸಿ." ಈ ಉತ್ತರ ಇತ್ತೀಚಿನದು. ದೂರು ಮಾತ್ರ ಬಹಳ ಹಳೆಯದು, ಪ್ರತಿ ಕಾಲದಲ್ಲೂ ಅದಕ್ಕೆ ಬೇರೆ ಬೇರೆ ಕಾರಣ ಇತ್ತು.

ಮೊದಲ ಆರೋಪಿ ರಸ್ತೆ. ಮಳೆನೀರು ನಿಲ್ಲಬಾರದೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ತಗ್ಗಿಸುವ ಪದ್ಧತಿ ಕಾರಿಗಿಂತ ಹಳೆಯದು. ಸ್ಕಾಟ್ಲೆಂಡಿನ ಮೆಕಾಡಮ್ (1756–1836) ಮೂವತ್ತು ಅಡಿ ಅಗಲದ ರಸ್ತೆಗೆ ನಡುವಿನಲ್ಲಿ ಮೂರು ಇಂಚು ಎತ್ತರ ಸಾಕು ಎಂದ. ನಮ್ಮ ಡಾಂಬರು ರಸ್ತೆಗಳ ಇಳಿಜಾರೂ ಸುಮಾರು ನೂರಕ್ಕೆ ಎರಡರಷ್ಟು. ನಾವು ರಸ್ತೆಯ ಎಡಗಡೆ ಓಡಿಸುವವರು, ಆ ಕಡೆಯೇ ಇಳಿಜಾರು. ಹಾಗಾಗಿ ಠಾಣೆ–ಬೇಲಾಪುರ ರಸ್ತೆಯಲ್ಲಿ ನಿಮ್ಮ ಗಾಡಿ ಮೆಲ್ಲಗೆ ಎಡಕ್ಕೆ ಸರಿದರೆ ಅದು ರೋಗವೇ ಆಗಬೇಕೆಂದಿಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಒಮ್ಮೆ ಓಡಿಸಿ ನೋಡದೆ ಗ್ಯಾರೇಜಿಗೆ ದುಡ್ಡು ಕೊಡುವುದು ವ್ಯರ್ಥ.

ಇನ್ನು ಗಾಡಿಯ ಕಥೆ. ಇದರಲ್ಲಿ ನಮ್ಮವರ ಪಾಲೂ ಇದೆ. 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಜೊತೆ ನಿಂತವರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹಿರಾಚಂದ್. ಆಗಿನ ಬ್ರಿಟಿಷ್ ಸರ್ಕಾರ ಉತ್ಸಾಹ ತೋರಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮೋಟಾರಿನ ಕನಸು ಮಾತ್ರ ಮುಂಬೈ ಪಾಲಾಯಿತು: 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. 1954ರಿಂದ ಅಲ್ಲಿ ಫಿಯೆಟ್ 1100 ತಯಾರಾಗತೊಡಗಿತು. ಅದೇ ಮುಂದೆ ಪದ್ಮಿನಿ ಆಯಿತು, ಕಾಳಿ–ಪೀಳಿ ಟ್ಯಾಕ್ಸಿ ಆಯಿತು.

ಪದ್ಮಿನಿ ಓಡಿಸಿದ ಹಿರಿಯರಿಗೆ ಇದು ನೆನಪಿರಬಹುದು: ಜೋರು ಮಳೆಯಲ್ಲಿ ನೀರು ತುಂಬಿದ ರಸ್ತೆ ದಾಟಿ ಬ್ರೇಕ್ ಒತ್ತಿದರೆ ಗಾಡಿ ಸರಕ್ಕನೆ ಒಂದು ಕಡೆ ತಿರುಗುತ್ತಿತ್ತು. ಅದರ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಡ್ರಮ್ ಬ್ರೇಕಿನ ಗುಣ ವಿಚಿತ್ರ. ತಿರುಗುತ್ತಿರುವ ಡ್ರಮ್ಮೇ ಲೈನರನ್ನು ತನ್ನ ಕಡೆ ಇನ್ನಷ್ಟು ಸೆಳೆದುಕೊಳ್ಳುವುದರಿಂದ, ಎರಡು ಚಕ್ರಗಳ ನಡುವಿನ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಎಡಡ್ರಮ್ಮಿಗೆ ನೀರು ಹೊಕ್ಕರೆ ಅಲ್ಲಿ ಹಿಡಿತ ಕಡಿಮೆ, ಗಾಡಿ ಬಲಕ್ಕೆ ಎಳೆಯುತ್ತದೆ. ವೀಲ್ ಸಿಲಿಂಡರ್ ಸೋರಿ ಲೈನರಿಗೆ ಬ್ರೇಕ್ ಆಯಿಲ್ ತಗಲಿದರೂ ಅದೇ ಕಥೆ. ಅಂದರೆ ಎಳೆಯುವ ಕಡೆ ಒಂದು, ಕೆಟ್ಟಿರುವ ಚಕ್ರ ಇನ್ನೊಂದು! ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸುವುದು ಹಳೆಯ ಚಾಲಕರ ಅಭ್ಯಾಸ. ಆ ಕಾಲದ ಮಿಸ್ತ್ರಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ಯಾವಾಗ ಎಳೆಯುತ್ತದೆ, ಬ್ರೇಕ್ ಒತ್ತಿದಾಗಲೋ ಯಾವಾಗಲೂನೋ?" ಎಂಬುದು. ನನ್ನ ಮಟ್ಟಿಗೆ ಇವತ್ತಿಗೂ ಅರ್ಧ ರೋಗ ಆ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಕಾಲ ಬದಲಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಪ್ರೀಮಿಯರ್ ಕಂಪನಿಯೇ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ ಕಲ್ಯಾಣದ ಕಾರ್ಖಾನೆಯಲ್ಲಿ 309 ಮಾಡೆಲ್ ತಯಾರಿಸಿತು, ಆದರೆ 1997ರ ಹೊತ್ತಿಗೆ ಪ್ಯೂಜೋ ಗಂಟುಮೂಟೆ ಕಟ್ಟಿತು. ಹೊಸ ಗಾಡಿಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಸಾಮಾನ್ಯವಾಯಿತು. ನೀರಿನ ತೊಂದರೆ ಕಡಿಮೆಯಾಯಿತು, ಬದಲಿಗೆ ಕ್ಯಾಲಿಪರ್ ಸಿಕ್ಕಿಕೊಳ್ಳುವ ತೊಂದರೆ ಸೇರಿಕೊಂಡಿತು. ಇಲ್ಲಿ ಲೆಕ್ಕ ನೇರ: ಯಾವ ಕಡೆ ಸಿಕ್ಕಿಕೊಂಡಿದೆಯೋ ಆ ಕಡೆಗೇ ಎಳೆತ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಡಿದರೆ (ಮುಟ್ಟಬೇಡಿ!) ಒಂದು ಕಡೆ ಹೆಚ್ಚು ಕಾವು ಗೊತ್ತಾಗುತ್ತದೆ.

ಟಯರೂ ಬದಲಾಯಿತು. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟಯರು ನಮ್ಮ ಕಾರುಗಳಿಗೆ ಬರಲು ದಶಕಗಳೇ ಹಿಡಿದವು. ಇದು ಬಾಳಿಕೆಯಲ್ಲಿ ಉತ್ತಮ, ಸಂಶಯವಿಲ್ಲ. ಆದರೆ ಒಳಗಿನ ಪದರ ಸರಿಯಾಗಿ ಕೂರದಿದ್ದರೆ ಹೊಸ ಟಯರೇ ಗಾಡಿಯನ್ನು ಪಕ್ಕಕ್ಕೆ ಎಳೆಯಬಲ್ಲದು. ಇದನ್ನು ಹಿಡಿಯಲು ಯಂತ್ರ ಬೇಡ. ಮೊದಲು ನಾಲ್ಕೂ ಟಯರಿನ ಹವಾ ನೋಡಿ, ಏಕೆಂದರೆ ಹವಾ ಕಡಿಮೆ ಇರುವ ಕಡೆಗೇ ಗಾಡಿ ವಾಲುತ್ತದೆ. ಆಮೇಲೆ ಮುಂದಿನ ಎರಡು ಟಯರನ್ನು ಅದಲು ಬದಲು ಮಾಡಿಸಿ. ಎಳೆತವೂ ದಿಕ್ಕು ಬದಲಿಸಿದರೆ ಕಳ್ಳ ಟಯರೇ. (ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟಯರಿಗೆ ಈ ಪರೀಕ್ಷೆ ಮಾಡಬಾರದು.)

ಇಷ್ಟೆಲ್ಲ ಆದ ಮೇಲೆ ಅಲೈನ್‌ಮೆಂಟ್. ಕಂಪ್ಯೂಟರ್ ಪರದೆಯ ಹಸಿರು–ಕೆಂಪು ಗೆರೆ ನೋಡಿ ನಾವು ಬೇಗ ಮರುಳಾಗುತ್ತೇವೆ. ಅನೇಕ ಸಣ್ಣ ಕಾರುಗಳಲ್ಲಿ ಅಲ್ಲಿ ತಿರುಗಿಸಲು ಬರುವುದು ಒಂದೇ, ಮುಂದಿನ ಚಕ್ರಗಳು ಒಂದಕ್ಕೊಂದು ಎಷ್ಟು ಒಳಮುಖವಾಗಿವೆ ಎಂಬ ಟೋ. ಅದು ತಪ್ಪಿದರೆ ಟಯರು ಸವೆಯುತ್ತದೆ, ಸ್ಟೇರಿಂಗ್ ಸೊಟ್ಟಗೆ ಕೂರುತ್ತದೆ, ಆದರೆ ಸಾಮಾನ್ಯವಾಗಿ ಒಂದೇ ಕಡೆ ಬಿಡದೆ ಎಳೆಯುವುದಿಲ್ಲ. ಎಳೆಯುವುದು ಎಡ–ಬಲ ಚಕ್ರಗಳ ವಾಲು, ಅಂದರೆ ಕ್ಯಾಂಬರ್, ಅಥವಾ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕ್ಯಾಸ್ಟರ್ ಪರಸ್ಪರ ಹೊಂದದಿದ್ದಾಗ. ಗುಂಡಿಗೆ ಬಿದ್ದು ಮುಂದಿನ ಆರ್ಮ್ ಬಾಗಿದ್ದರೆ, ಬುಷ್ ಹರಿದಿದ್ದರೆ, ಟೋ ಎಷ್ಟು ಸಲ ಸರಿಮಾಡಿಸಿದರೂ ಎಳೆತ ಹೋಗುವುದಿಲ್ಲ. ಅಲೈನ್‌ಮೆಂಟ್ ಚೀಟಿಯಲ್ಲಿ ಎಡ–ಬಲದ ಆ ಎರಡು ಅಂಕಿಗಳನ್ನು ತೋರಿಸಿ ಎಂದು ಕೇಳಿ. ಟಯರಿಗೆ ದುಡ್ಡು ಹಾಕುವ ಮುಂಚೆ ಅವನ್ನು ನೋಡುವುದು ನಿಮ್ಮ ಹಕ್ಕು.

ಕುರ್ಲಾದಲ್ಲಿ ಪದ್ಮಿನಿ ತಯಾರಿಕೆ 2000ದ ಸುಮಾರಿಗೆ ನಿಂತಿತು. ಕೊನೆಯದಾಗಿ ನೋಂದಣಿಯಾದ ಪದ್ಮಿನಿ ಟ್ಯಾಕ್ಸಿ 2003ರದ್ದು, ಇಪ್ಪತ್ತು ವರ್ಷದ ಅವಧಿ ಮುಗಿದು 2023ರ ಅಕ್ಟೋಬರ್ 30ರಂದು ಅದೂ ಮುಂಬೈ ರಸ್ತೆಯಿಂದ ಸರಿಯಿತು. ಎಳೆತದಲ್ಲಿ ಒಂದನ್ನು ಮಾತ್ರ ಹಬ್ಬ ಮುಗಿಸಿಕೊಂಡು ಬಂದ ಮೇಲೆ ನೋಡೋಣ ಎಂದು ಬಿಡುವಂತಿಲ್ಲ, ಬ್ರೇಕ್ ಒತ್ತಿದಾಗ ಬರುವುದನ್ನು. ಚಿಪಳೂಣದ ಹತ್ತಿರ ಪರಶುರಾಮ ಘಾಟ್ ಇಳಿಯುವ ಮುಂಚೆ, ಮಳೆಯಿರಲಿ ಬಿಡಲಿ, ಅದನ್ನು ಇಲ್ಲಿಯೇ ಬಿಚ್ಚಿಸಿ ನೋಡಿಸಿಕೊಂಡು ಹೊರಡಿ.